ಹೊರಗೆ ಸೇದಿ ಬಂದರೆ ಸಾಕೇ? ಆಕ್ಸಿಜನ್ ಮೇಲಿರುವ ಮಗುವಿನ ಮನೆಗೆ ಕೊಡುವ ಚೀಟಿಯ ನಾಲ್ಕು ಸಾಲು

ಮೂರನೇಪಾಳಿ:
ದಿನ ತುಂಬದೆ ಹುಟ್ಟಿ, ಬಿಪಿಡಿ (ಬ್ರಾಂಕೋಪಲ್ಮನರಿ ಡಿಸ್‌ಪ್ಲೇಸಿಯಾ, ಅಂಥ ಮಕ್ಕಳ ಶ್ವಾಸಕೋಶದ ದೀರ್ಘಕಾಲದ ತೊಂದರೆ) ಅಂತ ಗುರುತಾಗಿ, ಮೂಗಿಗೆ ಆಕ್ಸಿಜನ್ ಟ್ಯೂಬ್ ಸಮೇತ ಮನೆಗೆ ಹೋಗುವ ಮಕ್ಕಳ ತಂದೆತಾಯಿಗೆ ಕೊಡುವ ಒಂದು ಪುಟದ ಚೀಟಿ ತಿದ್ದುತ್ತಿದ್ದೇನೆ. ಹೊಗೆಯ ಬಗ್ಗೆ ಹಳೆಯ ಚೀಟಿಯಲ್ಲಿ ಇರುವುದು ಇಷ್ಟೇ:

1. ಮನೆಯೊಳಗೆ ಸೇದಬೇಡಿ, ಹೊರಗೆ ಹೋಗಿ ಸೇದಿ.
2. ಒಳಗೇ ಸೇದಬೇಕಾಗಿ ಬಂದರೆ ಕಿಟಕಿ ತೆರೆದು ಫ್ಯಾನ್ ಹಾಕಿ.
3. ಸಾಧ್ಯವಿದ್ದರೆ ಮಗುವಿನ ಕೋಣೆಗೆ ಏರ್ ಪ್ಯೂರಿಫೈಯರ್ ಇಡಿ.
4. ವಾಸನೆ ಹೋದ ಮೇಲೆ ಮಗುವನ್ನು ಎತ್ತಿಕೊಳ್ಳಿ.

ಯಾವುದು ಉಳಿಯಬೇಕು, ಯಾವುದು ಹೋಗಬೇಕು? ಕಾರಣ ಸಮೇತ ಹೇಳಿ. "ಸೇದೋದು ಬಿಡಿ" ಅನ್ನೋದೇ ಮೊದಲ ಸಾಲು, ಅದರಲ್ಲಿ ಎರಡು ಮಾತಿಲ್ಲ. ಬಿಡುವ ತನಕ ಏನು ಮಾಡಬೇಕು ಅನ್ನೋದು ನನ್ನ ಪ್ರಶ್ನೆ.

ನೇರಮಾತು:
ಎರಡನೇ ಸಾಲನ್ನು ಈಗಲೇ ಹೊಡೆದು ಹಾಕಿ. "ಒಳಗೇ ಸೇದಬೇಕಾಗಿ ಬಂದರೆ" ಅಂತ ಬರೆದರೆ ಅದು ಅನುಮತಿ ಪತ್ರ ಕೊಟ್ಟ ಹಾಗೆ.

ಗಾಳಿಲೆಕ್ಕ:
ಹೊಡೆದು ಹಾಕೋದು ಸರಿ. ಯಾಕೆ ಅನ್ನೋದಕ್ಕೆ ಒಂದು ಲೆಕ್ಕ ಕೊಡ್ತೀನಿ, ಪೋಷಕರಿಗೆ ಬಾಯಲ್ಲಿ ಹೇಳೋಕೆ ಉಪಯೋಗಕ್ಕೆ ಬರುತ್ತೆ.

3 ಮೀಟರ್ ಅಗಲ, 4 ಮೀಟರ್ ಉದ್ದ, 3 ಮೀಟರ್ ಎತ್ತರದ ಕೋಣೆ ತಗೊಳ್ಳಿ. 36 ಘನ ಮೀಟರ್ ಗಾಳಿ. ಒಂದು ಸಿಗರೇಟು ಸುಮಾರು 10 ಮಿಲಿಗ್ರಾಂ ಸೂಕ್ಷ್ಮ ಕಣಗಳನ್ನು ಗಾಳಿಗೆ ಬಿಡುತ್ತೆ ಅಂತಿಟ್ಟುಕೊಂಡರೆ, ಕೋಣೆ ತುಂಬ ಹರಡಿದಾಗ ಘನ ಮೀಟರಿಗೆ 280 ಮೈಕ್ರೋಗ್ರಾಂ ಹತ್ತಿರ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಂಥ ಸೂಕ್ಷ್ಮ ಕಣಗಳಿಗೆ (ಪಿಎಂ 2.5) ಹಾಕಿದ 24 ಗಂಟೆಯ ಮಿತಿ 15 ಮೈಕ್ರೋಗ್ರಾಂ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಗಂಟೆಗೆ ಅರ್ಧ ಕೋಣೆಯಷ್ಟು ಗಾಳಿ ಬದಲಾಗುತ್ತೆ ಅಂದುಕೊಳ್ಳಿ. 280 ಇಳಿದು 15ಕ್ಕೆ ಬರೋಕೆ ಹೆಚ್ಚುಕಡಿಮೆ 6 ಗಂಟೆ ಬೇಕು. ಒಂದೇ ಒಂದು ಸಿಗರೇಟಿಗೆ! ಕಿಟಕಿ ಚೆನ್ನಾಗಿ ತೆರೆದು ಗಂಟೆಗೆ 5 ಸಲ ಗಾಳಿ ಬದಲಾದರೂ 35 ನಿಮಿಷ. ಆ 35 ನಿಮಿಷ ಮಗು ಉಸಿರಾಡದೆ ಇರುತ್ತಾ?

ಸೀಲಿಂಗ್ ಫ್ಯಾನ್ ಅಂತೂ ಏನನ್ನೂ ಹೊರಗೆ ಹಾಕೋದಿಲ್ಲ. ಮೇಲಿದ್ದ ಹೊಗೆಯನ್ನು ಕೆಳಗೆ ತಂದು ತೊಟ್ಟಿಲ ಮಟ್ಟಕ್ಕೆ ಕಲಸುತ್ತೆ, ಅಷ್ಟೇ. ಗಾಳಿ ಹೊರಗಿಂದ ಒಳಗೆ ಬೀಸುತ್ತಿದ್ದರೆ ಕಿಟಕಿ ಪಕ್ಕ ನಿಂತು ಸೇದಿದ ಹೊಗೆಯೂ ನೇರ ಒಳಗೇ.

ಹೊಸಓದುಗ:
ಹಾಗಾದ್ರೆ ಬಾಲ್ಕನಿ? ಅದು ಹೊರಗೇ ತಾನೇ?

ಗಾಳಿಲೆಕ್ಕ:
ಬಾಗಿಲು ಮುಚ್ಚಿದ್ದರೆ ಒಳಗಿಗಿಂತ ಉತ್ತಮ. ಆದರೆ ಒಂದು ವಿಷಯ ಯಾರೂ ನೋಡೋದಿಲ್ಲ: ಅಡುಗೆಮನೆಯ ಅಥವಾ ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಓಡುತ್ತಿದ್ದರೆ ಮನೆಯೊಳಗಿನ ಒತ್ತಡ ಹೊರಗಿಗಿಂತ ಒಂದಿಷ್ಟು ಕಡಿಮೆ ಆಗುತ್ತೆ. ಹೊರಹೋದ ಗಾಳಿಯ ಜಾಗ ತುಂಬೋಕೆ ಸಿಕ್ಕ ಸಂದಿನಿಂದೆಲ್ಲ ಗಾಳಿ ಒಳಗೆ ನುಗ್ಗುತ್ತೆ. ಬಾಲ್ಕನಿ ಬಾಗಿಲ ಕೆಳಗಿನ ಒಂದು ಬೆರಳಗಲದ ಸಂದೇ ಆಗ ಹೊಗೆಯ ದಾರಿ. ಒಬ್ಬರು ಒಳಗೆ ಅಡುಗೆ ಮಾಡುವಾಗಲೇ ಇನ್ನೊಬ್ಬರು ಬಾಲ್ಕನಿಗೆ ಹೋಗೋದು, ಫ್ಯಾನ್ ಎಳೆಯೋದು. ಹಾಗಾಗಿ ಬಾಲ್ಕನಿ, ಹೊಸ್ತಿಲು, ಮೆಟ್ಟಿಲ ಕೆಳಗೆ, ಕಾರ್ ಶೆಡ್ ಇದ್ಯಾವುದನ್ನೂ "ಹೊರಗೆ" ಅಂತ ಲೆಕ್ಕಕ್ಕೆ ತಗೋಬೇಡಿ. ಚೀಟಿಯಲ್ಲಿ "ಮನೆಯ ಬಾಗಿಲು ಕಿಟಕಿಗಳಿಂದ ದೂರ, ಬಾಗಿಲು ಮುಚ್ಚಿ" ಅಂತ ಬಿಡಿಸಿ ಬರೆಯಿರಿ.

ಎದೆಗೂಡು:
ಲೆಕ್ಕ ಚೆನ್ನಾಗಿದೆ. ಈ ಮಕ್ಕಳಿಗೇ ಯಾಕೆ ಇಷ್ಟು ಕಟ್ಟುನಿಟ್ಟು ಅನ್ನೋದನ್ನೂ ಸೇರಿಸ್ತೀನಿ, ಪೋಷಕರು ಕೇಳೋ ಮೊದಲ ಪ್ರಶ್ನೆ ಅದೇ.

ಬಿಪಿಡಿಯನ್ನು 1967ರಲ್ಲಿ ಮೊದಲು ವರ್ಣಿಸಿದಾಗ ಕಂಡದ್ದು ವೆಂಟಿಲೇಟರಿನ ಒತ್ತಡ ಮತ್ತು ಹೆಚ್ಚಿನ ಆಕ್ಸಿಜನ್‌ನಿಂದ ಆದ ಗಾಯ, ಗಾಯದ ಕಲೆ. ಈಗ ಹೆಚ್ಚಾಗಿ ಕಾಣೋದು ಬೇರೆ: ಗಾಳಿಗೂಡುಗಳು (ಶ್ವಾಸಕೋಶದ ಪುಟ್ಟ ಗಾಳಿಚೀಲಗಳು) ಬೆಳೆಯುತ್ತಾ ಬೆಳೆಯುತ್ತಾ ಅರ್ಧಕ್ಕೇ ನಿಂತಿರೋದು. ಸಂಖ್ಯೆ ಕಡಿಮೆ, ಗಾತ್ರ ದೊಡ್ಡದು, ಸುತ್ತಲಿನ ರಕ್ತನಾಳಗಳೂ ಕಡಿಮೆ. ಸಮಾಧಾನದ ಸಂಗತಿ ಏನಂದ್ರೆ ಹುಟ್ಟಿದ ಮೇಲೂ, ಅದರಲ್ಲೂ ಮೊದಲ ಎರಡು ಮೂರು ವರ್ಷ, ಹೊಸ ಗಾಳಿಗೂಡುಗಳು ಮೂಡುತ್ತಲೇ ಇರುತ್ತವೆ. ಮಗು ಆಕ್ಸಿಜನ್ ಬಿಟ್ಟು ಓಡಾಡುವ ಹಾಗಾಗೋದು ಈ ಬೆಳವಣಿಗೆಯ ಬಲದಿಂದಲೇ. ಹೊಗೆ ಬಂದು ಕೈ ಹಾಕೋದೂ ಸರಿಯಾಗಿ ಇದೇ ಅವಧಿಯಲ್ಲಿ.

ಎರಡನೇದು ಉಸಿರಿನ ಪ್ರಮಾಣ. 5 ಕಿಲೋ ಮಗು ಒಂದು ಉಸಿರಿಗೆ ಸುಮಾರು 30 ಮಿಲಿಲೀಟರ್, ನಿಮಿಷಕ್ಕೆ 40 ಉಸಿರು ಅಂದರೆ 1,200 ಮಿಲಿಲೀಟರ್ ಗಾಳಿ ಎಳೆಯುತ್ತೆ. ಕಿಲೋಗೆ 240. ಸುಮ್ಮನೆ ಕೂತ 70 ಕಿಲೋ ದೊಡ್ಡವರದು ನಿಮಿಷಕ್ಕೆ 7 ಲೀಟರ್, ಕಿಲೋಗೆ 100. ಅದೇ ಕೋಣೆ, ಅದೇ ಹೊಗೆ, ಮಗುವಿನ ಮೈತೂಕಕ್ಕೆ ಎರಡು ಪಟ್ಟಿಗೂ ಹೆಚ್ಚು ಪಾಲು. ಬಿಪಿಡಿ ಮಗು ನಿಮಿಷಕ್ಕೆ 40ಕ್ಕಿಂತ ವೇಗವಾಗಿ ಉಸಿರಾಡೋದೇ ಹೆಚ್ಚು, ಹಾಗಾಗಿ ಇದು ಕಡಿಮೆ ಹಿಡಿದ ಲೆಕ್ಕ.

ನೀಲಿಟ್ಯೂಬ್:
ಎದೆಗೂಡು ಅವರ ಲೆಕ್ಕವನ್ನೇ ಮುಂದುವರಿಸ್ತೀನಿ. ಪೋಷಕರಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಒಂದಿದೆ: "ಮೂಗಿಗೆ ಆಕ್ಸಿಜನ್ ಹಾಕಿದೆಯಲ್ಲ, ಅದು ಶುದ್ಧ ಗಾಳಿಯನ್ನೇ ಎಳೀತಿದೆ, ಹೊಗೆ ಒಳಗೆ ಹೋಗೋದಿಲ್ಲ." ಇಲ್ಲ. ಟ್ಯೂಬಿನಲ್ಲಿ ನಿಮಿಷಕ್ಕೆ ಕಾಲು ಲೀಟರ್ ಹರಿವು ಇದೆ ಅಂತಿಟ್ಟುಕೊಳ್ಳಿ. 250 ಮಿಲಿಲೀಟರ್ ಪೂರ್ತಿ ಒಳಗೆ ಹೋಯಿತು ಅಂದರೂ 1,200ರಲ್ಲಿ ಉಳಿದ 950 ಕೋಣೆಯ ಗಾಳಿ. ಐದರಲ್ಲಿ ಸುಮಾರು ನಾಲ್ಕು ಪಾಲು. ಮಗು ಉಸಿರು ಬಿಡುವಾಗ ಬಂದ ಆಕ್ಸಿಜನ್ ಬಹುಪಾಲು ಹೊರಗೇ ಹೋಗೋದರಿಂದ ನಿಜದಲ್ಲಿ ಕೋಣೆಯ ಪಾಲು ಇನ್ನೂ ಹೆಚ್ಚು. ಮೂಗಿನ ಟ್ಯೂಬ್ ಅಂದರೆ ಮುಖ ಮುಚ್ಚುವ ಮಾಸ್ಕ್ ಅಲ್ಲ.

ಕಾನ್ಸಂಟ್ರೇಟರ್ ಬಗ್ಗೆ: ಅದು ಸಿಲಿಂಡರ್ ಅಲ್ಲ, ಕೋಣೆಯ ಗಾಳಿಯನ್ನೇ ಎಳೆದು ನೈಟ್ರೋಜನ್ ತೆಗೆದು ಕೊಡುವ ಯಂತ್ರ. ಹೊಗೆ ಇರುವ ಮನೆಯಲ್ಲಿ ಹಿಂದಿನ ಸ್ಪಂಜು ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತೆ, ಹಳದಿಗೆ ತಿರುಗಿ ಅಂಟಂಟು ಆಗುತ್ತೆ. ಗಾಳಿ ಸಾಲದೆ ಯಂತ್ರ ಬಿಸಿಯಾಗುತ್ತೆ, ಸಾಮಾನ್ಯವಾಗಿ 90ರಿಂದ 96% ಇರಬೇಕಾದ ಆಕ್ಸಿಜನ್ ಇಳಿಯುತ್ತೆ. ವಾರಕ್ಕೊಮ್ಮೆ ಸ್ಪಂಜನ್ನು ಸೋಪು ನೀರಲ್ಲಿ ಅದ್ದಿ, ತೊಳೆದು, ಹಿಂಡಿ, ಪೂರ್ತಿ ಒಣಗಿದ ಮೇಲೆ ಹಾಕಬೇಕು. ಒದ್ದೆ ಇರುವಾಗ ಹಾಕಬೇಡಿ. ಯಂತ್ರ ಗೋಡೆಯಿಂದ, ಪರದೆಯಿಂದ ಒಂದು ಅಡಿ ದೂರ ಇರಲಿ. ಮನೆ ಭೇಟಿಗೆ ಹೋಗುವವರು ಆ ಸ್ಪಂಜನ್ನು ಒಮ್ಮೆ ಬಿಚ್ಚಿ ನೋಡಿ, ಯಾರೂ ಹೇಳದ ವಿಷಯ ಅದು ಹೇಳುತ್ತೆ.

ನೇರಮಾತು:
ಇಷ್ಟೆಲ್ಲ ಗೊತ್ತಿದ್ದೂ ಸೇದುವವರ ಮನೆಗೆ ಆಕ್ಸಿಜನ್ ಕಳಿಸೋದೇ ತಪ್ಪು ಅಂತೀನಿ ನಾನು. ಸೇದೋದು ನಿಲ್ಲಿಸಿದ ಮೇಲೇ ಯಂತ್ರ. ಬೆಂಕಿ ಹೊತ್ತಿಕೊಂಡರೆ ಯಾರು ಹೊಣೆ?

ಎದೆಗೂಡು:
ಭಯ ನ್ಯಾಯವಾದದ್ದೇ. ಆದರೆ ಆಕ್ಸಿಜನ್ ತಡೆದರೆ ಶಿಕ್ಷೆ ಸೇದಿದವರಿಗಲ್ಲ, ಮಗುವಿಗೆ. ರಕ್ತದಲ್ಲಿ ಆಕ್ಸಿಜನ್ ಕಡಿಮೆಯಾಗಿಯೇ ಉಳಿದರೆ ಶ್ವಾಸಕೋಶದ ರಕ್ತನಾಳಗಳು ಬಿಗಿದು ಒತ್ತಡ ಏರುತ್ತೆ, ಹೃದಯದ ಬಲಭಾಗ ದಣಿಯುತ್ತೆ, ತೂಕ ಏರೋದಿಲ್ಲ. ಇಷ್ಟು ತಿಳಿದೂ "ಕೊಡಲ್ಲ" ಅನ್ನೋಕೆ ಆಗೋದಿಲ್ಲ. ಮಾಡಬೇಕಾದ್ದು ಬೆಂಕಿಯ ಅಪಾಯವನ್ನು ಯಂತ್ರ ಮನೆ ಸೇರುವ ಮೊದಲೇ ಬರಹದಲ್ಲಿ, ಮನೆಯ ಎಲ್ಲರ ಎದುರು, ಬಿಡಿಸಿ ಹೇಳೋದು.

ನೀಲಿಟ್ಯೂಬ್:
ಬೆಂಕಿಯ ಭಾಗ ಚೀಟಿಯಲ್ಲಿ ಇಲ್ಲವೇ ಇಲ್ಲ ಅನ್ನೋದು ಈಗ ಗಮನಕ್ಕೆ ಬಂತು. ಇದನ್ನು ಸೇರಿಸಲೇಬೇಕು.

ಆಕ್ಸಿಜನ್ ತಾನೇ ಉರಿಯೋದಿಲ್ಲ, ಉರಿಯುವ ಎಲ್ಲವನ್ನೂ ಬೇಗ ಮತ್ತು ಜೋರಾಗಿ ಉರಿಸುತ್ತೆ. ಮಗುವಿನ ಹೊದಿಕೆ, ಟೋಪಿ, ಎತ್ತಿಕೊಂಡವರ ಬಟ್ಟೆ, ಕೂದಲು ಎಲ್ಲದರೊಳಗೂ ಅದು ಸೇರಿಕೊಂಡಿರುತ್ತೆ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಹಾಲು ಕುಡಿಸಿ, ಮಲಗಿಸಿ, ತಕ್ಷಣ ಹೊರಗೆ ಹೋಗಿ ಬೆಂಕಿಕಡ್ಡಿ ಗೀರಿದರೆ ಆ ಬಟ್ಟೆಗೆ ಕಿಡಿ ಸಾಕು. ಆಕ್ಸಿಜನ್ ಬಳಿಯಿಂದ ಬಂದ ಮೇಲೆ ಕನಿಷ್ಠ 20 ನಿಮಿಷ ಬಟ್ಟೆಗೆ ಗಾಳಿಯಾಡಲಿ. ಹರಿವು ಇರುವ ಕಡೆಯಿಂದ 3 ಮೀಟರ್ ಒಳಗೆ ಯಾವ ಜ್ವಾಲೆಯೂ ಬೇಡ: ಸಿಗರೇಟು, ಗ್ಯಾಸ್ ಒಲೆ, ಮೇಣದಬತ್ತಿ. ಬಳಸದಾಗ ಟ್ಯೂಬನ್ನು ಹಾಸಿಗೆ ಮೇಲೆ ಹರಿಯಲು ಬಿಡದೆ ಯಂತ್ರವನ್ನೇ ಆರಿಸಿ. ಮೂಗು ಒಣಗಿದರೆ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಡಿ, ನೀರಿನ ಅಂಶದ ಜೆಲ್ ಮಾತ್ರ. ಟ್ಯೂಬಿಗೆ ಫೈರ್‌ಬ್ರೇಕ್ ಹಾಕಿಸಿ. ಚಿಕ್ಕ ಪ್ಲಾಸ್ಟಿಕ್ ತುಂಡು ಅದು, ಟ್ಯೂಬಿಗೆ ಬೆಂಕಿ ತಗುಲಿದರೆ ಹರಿವು ನಿಲ್ಲಿಸುತ್ತೆ. ಒಂದು ಮಗುವಿನ ಹತ್ತಿರ, ಒಂದು ಯಂತ್ರದ ಹತ್ತಿರ.

ಹೊಸಓದುಗ:
ಇ-ಸಿಗರೇಟಿಗೆ ಜ್ವಾಲೆಯೇ ಇಲ್ಲವಲ್ಲ, ಅದು ಪರವಾಗಿಲ್ವಾ?

ನೀಲಿಟ್ಯೂಬ್:
ಇಲ್ಲ, ಅದೂ ಬೇಡ! ಅದರೊಳಗೆ ಕೆಂಪಗೆ ಕಾಯುವ ಸುರುಳಿ ಇದೆ, ಬ್ಯಾಟರಿ ಇದೆ. ಆಕ್ಸಿಜನ್ ಹತ್ತಿರ ಎರಡೂ ಅಪಾಯ. ಚಾರ್ಜಿಗೆ ಹಾಕೋದೂ ಬೇರೆ ಕೋಣೆಯಲ್ಲಿ.

ಎದೆಗೂಡು:
ಮತ್ತೆ ಅದು ಬಿಡೋದು ನೀರಾವಿ ಅಲ್ಲ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್ ಇರುವ ಸೂಕ್ಷ್ಮ ಹನಿ. "ಮನೆಯೊಳಗೆ ವೇಪ್ ಮಾತ್ರ" ಅನ್ನೋ ನಿಯಮ ಈ ಮಕ್ಕಳ ಮನೆಯಲ್ಲಿ ನಡೆಯೋದಿಲ್ಲ. ಅದರ ದ್ರವದ ಬಾಟಲಿ ಮಗುವಿನ ಬಾಯಿಗೆ ಹೋದರೆ ವಿಷ, ಬೀಗ ಹಾಕಿಡಬೇಕು.

ಮೂರನೇಪಾಳಿ:
ಬೆಂಕಿಯ ಭಾಗಕ್ಕೆ ಬೇರೆ ಚೌಕಟ್ಟು ಮಾಡ್ತೀನಿ. ಮೂರನೇ ಸಾಲಿಗೆ ಬನ್ನಿ. ಪ್ಯೂರಿಫೈಯರ್ ಬಗ್ಗೆ ಪೋಷಕರು ತುಂಬ ಕೇಳ್ತಾರೆ.

ಗಾಳಿಲೆಕ್ಕ:
ಪ್ಯೂರಿಫೈಯರಿನೊಳಗಿನ ಹೆಪಾ ಫಿಲ್ಟರ್ 0.3 ಮೈಕ್ರಾನ್ ಕಣಗಳಲ್ಲಿ 99.97% ಹಿಡಿಯುತ್ತೆ, ನಿಜ. ಆದರೆ ಅದು ಕಣದ ಮಾತು. ಹೊಗೆಯಲ್ಲಿ ಅರ್ಧ ಕಥೆ ಅನಿಲದ್ದು: ಕಾರ್ಬನ್ ಮೊನಾಕ್ಸೈಡ್, ಆವಿಯಾದ ನಿಕೋಟಿನ್, ಫಾರ್ಮಾಲ್ಡಿಹೈಡ್, ಅಕ್ರೋಲಿನ್. ಇವು ಹೆಪಾ ಒಳಗಿಂದ ಹಾಗೇ ದಾಟುತ್ತವೆ. ಮನೆಬಳಕೆಯ ಯಂತ್ರದಲ್ಲಿ ಇರೋ ತೆಳು ಇದ್ದಿಲ ಹಾಳೆ ಬೇಗ ತುಂಬಿಹೋಗುತ್ತೆ. ಕಾರ್ಬನ್ ಮೊನಾಕ್ಸೈಡನ್ನಂತೂ ಅದೂ ಹಿಡಿಯೋದಿಲ್ಲ.

ಅಮೆರಿಕದ ಬಾಲ್ಟಿಮೋರಿನಲ್ಲಿ ಸೇದುವವರಿರುವ ಮನೆಗಳ ಉಬ್ಬಸದ ಮಕ್ಕಳ ಮೇಲೆ ಒಂದು ಪರೀಕ್ಷೆ ಆಯ್ತು, 2011ರಲ್ಲಿ ಪ್ರಕಟವಾಯ್ತು. ಏರ್ ಕ್ಲೀನರ್ ಇಟ್ಟ ಮನೆಗಳಲ್ಲಿ ಕಣ ಕಡಿಮೆಯಾಯ್ತು, ಉಬ್ಬಸ ಕಾಣಿಸದ ದಿನಗಳೂ ಹೆಚ್ಚಾದವು. ಆದರೆ ಗಾಳಿಯ ನಿಕೋಟಿನ್, ಮಕ್ಕಳ ಮೂತ್ರದ ಕೋಟಿನಿನ್ (ಮೈ ಸೇರಿದ ನಿಕೋಟಿನ್‌ನ ಗುರುತು) ಇಳಿಯಲಿಲ್ಲ.

ನೇರಮಾತು:
ಹಾಗಿದ್ದರೆ ಸ್ವಲ್ಪ ಉಪಯೋಗ ಇದೆ ಅಂತಾಯ್ತಲ್ಲ. ನೀವೇ ಕೊಟ್ಟ ಸಾಕ್ಷಿ. ಯಾಕೆ ತೆಗೀಬೇಕು?

ಗಾಳಿಲೆಕ್ಕ:
ಉಪಯೋಗ ಇಲ್ಲ ಅಂತ ನಾನು ಹೇಳಿಲ್ಲ. ಪಕ್ಕದ ಮನೆಯಿಂದ ಬರುವ ಹೊಗೆಗೆ, ಬೀದಿಯ ಧೂಳಿಗೆ, ಸೌದೆ ಒಲೆಯ ಹೊಗೆಗೆ ಇಟ್ಟುಕೊಳ್ಳಲಿ. 36 ಘನ ಮೀಟರ್ ಕೋಣೆಗೆ ಗಂಟೆಗೆ 5 ಸಲ ಗಾಳಿ ಶೋಧಿಸಬೇಕಾದರೆ ಸಿಎಡಿಆರ್ (ಯಂತ್ರ ಕೊಡುವ ಶುದ್ಧ ಗಾಳಿಯ ಪ್ರಮಾಣ) ಗಂಟೆಗೆ ಕನಿಷ್ಠ 180 ಘನ ಮೀಟರ್ ಇರುವ ಯಂತ್ರ ಬೇಕು, ಅದೂ ರಾತ್ರಿ ಬಳಸುವ ನಿಧಾನದ ವೇಗದಲ್ಲಿ. ಡಬ್ಬದ ಮೇಲೆ ಬರೆದಿರೋದು ಅತಿ ವೇಗದ ಅಂಕಿ. ಸಮಸ್ಯೆ ಇರೋದು ವಾಕ್ಯದಲ್ಲಿ. "ಪ್ಯೂರಿಫೈಯರ್ ಇಡಿ" ಅಂತ ಓದಿದವರು "ಅದಿದೆ, ಇನ್ನು ಒಳಗೆ ಸೇದಬಹುದು" ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿ) 2006ರ ವರದಿ ಇದನ್ನೇ ಹೇಳಿದ್ದು: ಸುರಕ್ಷಿತ ಅನ್ನುವ ಮಟ್ಟವೇ ಇಲ್ಲ, ಕೋಣೆ ಬೇರೆ ಮಾಡಿದರೂ, ಗಾಳಿ ಶೋಧಿಸಿದರೂ, ಕಿಟಕಿ ತೆರೆದರೂ ಪೂರ್ತಿ ತಪ್ಪಿಸಲಾಗದು. ಓಝೋನ್ ಬಿಡುವ ಯಂತ್ರ, ಅಯಾನೈಸರ್ ಮಾತ್ರ ಯಾವ ಕಾರಣಕ್ಕೂ ಬೇಡ. ಓಝೋನ್ ತಾನೇ ಶ್ವಾಸನಾಳವನ್ನು ಕೆರಳಿಸುತ್ತೆ.

ನೇರಮಾತು:
ಸರಿ, ಒಪ್ಪಿದೆ. "ಹೊಗೆರಹಿತ ಮನೆಗೆ ಬದಲಿ ಅಲ್ಲ" ಅಂತ ಸೇರಿಸಿದರೆ ಇಡಬಹುದು.

ತೊಟ್ಟಿಲು24:
ನಾಲ್ಕನೇ ಸಾಲು, "ವಾಸನೆ ಹೋದ ಮೇಲೆ", ಎಲ್ಲಕ್ಕಿಂತ ಕೆಟ್ಟದ್ದು. ಸೇದುವವರ ಮೂಗಿಗೆ ಆ ವಾಸನೆ ಮೊದಲೇ ಗೊತ್ತಾಗೋದಿಲ್ಲ. ಅವರು ತಮ್ಮ ಮೂಗು ನಂಬಿ ಎತ್ತಿಕೊಳ್ಳುತ್ತಾರೆ, ಮಗುವಿನ ಮುಖ ನೇರ ಅವರ ಎದೆಯ ಅಂಗಿಗೆ ಒತ್ತುತ್ತೆ. ಅಂಗಿಯಲ್ಲಿ, ಗಡ್ಡದಲ್ಲಿ, ಬೆರಳ ಸಂದಿಯಲ್ಲಿ ನಿಕೋಟಿನ್ ಇರುತ್ತೆ. ಅದೇ ಬೆರಳು ಟ್ಯೂಬಿನ ತುದಿ ಸರಿ ಮಾಡುತ್ತೆ, ಅದೇ ಬೆರಳು ಮಗುವಿನ ಬಾಯಿಗೆ.

ವಾಸನೆಯ ಬದಲು ಕೆಲಸಗಳ ಸಾಲು ಕೊಡಿ. ಹೊರಗೆ ಸೇದೋಕೆ ಅಂತಲೇ ಒಂದು ಮೇಲಂಗಿ, ಅದು ಬಾಗಿಲ ಹೊರಗಿನ ಗೂಟದಲ್ಲೇ ಇರಬೇಕು, ಒಳಗೆ ಬರಕೂಡದು. ಕೊನೆಯ ದಮ್ಮಾದ ಮೇಲೆ ತಕ್ಷಣ ಒಳಗೆ ಬರಬೇಡಿ. ಒಳಗೆಳೆದ ಹೊಗೆ ಪೂರ್ತಿ ಹೊರಬೀಳಲು ಹಲವು ಉಸಿರು ಬೇಕು, ಕನಿಷ್ಠ 10 ನಿಮಿಷ ಹೊರಗೇ ಇರಿ. ಬಂದ ಕೂಡಲೇ ಮೊಣಕೈವರೆಗೆ ಸೋಪು ಹಚ್ಚಿ ಕೈ, ಆಮೇಲೆ ಮುಖ ತೊಳೆದು, ಬಾಯಿ ಮುಕ್ಕಳಿಸಿ. ಅಂಗಿ ಬದಲಾಯಿಸಿ. ಆಮೇಲೆ ಮಗು. ಇದರಿಂದ ಕಡಿಮೆಯಾಗುತ್ತೆ, ಇಲ್ಲವಾಗೋದಿಲ್ಲ. ಆ ಮಾತನ್ನೂ ಪಕ್ಕದಲ್ಲೇ ಬರೆಯಿರಿ.

ಸೇದುವವರು ಮಗುವಿನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಬಾರದು. ಹೊರಗೆ ಸೇದಿದರೂ ಅಷ್ಟೇ. ನಿದ್ದೆಯಲ್ಲೇ ಮಗು ಹಠಾತ್ ತೀರಿಕೊಳ್ಳುವ ಅಪಾಯಕ್ಕೆ ದಿನ ತುಂಬದ ಹುಟ್ಟು ಒಂದು ಕಾರಣ, ಹೊಗೆ ಇನ್ನೊಂದು, ಒಂದೇ ಹಾಸಿಗೆ ಮತ್ತೊಂದು. ಒಂದೇ ಕೋಣೆ ಇರಲಿ, ಬೇರೆ ತೊಟ್ಟಿಲು ಇರಲಿ, ಬೆನ್ನ ಮೇಲೆ ಮಲಗಿಸಿ.

ಹೊಸಓದುಗ:
ತಾಯಿ ಸೇದುವವರಾದರೆ ಎದೆಹಾಲು ನಿಲ್ಲಿಸಬೇಕಾ?

ತೊಟ್ಟಿಲು24:
ನಿಲ್ಲಿಸಬೇಡಿ. ಸೋಂಕಿನಿಂದ ಆ ಹಾಲು ಕೊಡುವ ರಕ್ಷಣೆ ಈ ಮಕ್ಕಳಿಗೆ ಇನ್ನೂ ಹೆಚ್ಚು ಬೇಕು. ನಿಕೋಟಿನ್ ಹಾಲಿಗೆ ಇಳಿಯುತ್ತೆ ನಿಜ, ಹೆಚ್ಚುಕಡಿಮೆ ಎರಡು ಗಂಟೆಗೆ ಅರ್ಧದಷ್ಟಾಗುತ್ತೆ. ಹಾಗಾಗಿ ಸೇದಿ ಕುಡಿಸೋದಲ್ಲ, ಕುಡಿಸಿ ಆಮೇಲೆ. ಮುಂದಿನ ಹಾಲಿಗೆ ಎಷ್ಟು ಹೊತ್ತು ಸಿಗುತ್ತೋ ಅಷ್ಟು ಒಳ್ಳೇದು. ಜೊತೆಗೆ ನೀಲಿಟ್ಯೂಬ್ ಹೇಳಿದ 20 ನಿಮಿಷದ ಮಾತು ಇಲ್ಲೂ ಸೇರುತ್ತೆ, ಮಡಿಲಲ್ಲಿ ಆಕ್ಸಿಜನ್ ಇತ್ತಲ್ಲ.

ನೇರಮಾತು:
ಪಲ್ಸ್ ಆಕ್ಸಿಮೀಟರ್ ಹೇಗೂ ಮನೆಯಲ್ಲಿರುತ್ತೆ. ಸೇದಿದ ಮನೆಯಲ್ಲಿ ಅಂಕಿ ಬಿದ್ದರೆ ಅವರಿಗೇ ಗೊತ್ತಾಗುತ್ತೆ. ಅದನ್ನೇ ತೋರಿಸಿ ಬುದ್ಧಿ ಹೇಳಬಹುದಲ್ಲ?

ಎದೆಗೂಡು:
ಈ ಉಪಾಯ ತಿರುಗಿ ಹೊಡೆಯುತ್ತೆ. ಅಂಕಿ ಬೀಳದೇ ಇರೋದೇ ಹೆಚ್ಚು, ಆಗ "ನೋಡಿ 95 ಇದೆ, ಏನೂ ಆಗಿಲ್ಲ" ಅಂತಾರೆ. ಹೊಗೆ ಮಾಡೋ ಹಾನಿ ಆ ಹೊತ್ತಿನ ಆಕ್ಸಿಜನ್ ಇಳಿತವಾಗಿ ಕಾಣಬೇಕಿಲ್ಲ. ಶ್ವಾಸನಾಳದ ಒಳಗಿನ ಸಣ್ಣ ರೋಮಗಳು ಮಂದವಾಗುತ್ತವೆ, ಕಫ ಹೆಚ್ಚಾಗಿ ಮೇಲೆ ಬರದೆ ನಿಲ್ಲುತ್ತೆ. ಮುಂದಿನ ವಾರ ಸಾಮಾನ್ಯ ನೆಗಡಿಯೊಂದು ಬಂದಾಗ ಅದು ಎದೆಗಿಳಿದು ಆಸ್ಪತ್ರೆ ಸೇರಿಸುತ್ತೆ. ಆರ್‌ಎಸ್‌ವಿ (ಎಳೆ ಮಕ್ಕಳ ಶ್ವಾಸಕೋಶಕ್ಕೆ ತಗಲುವ ವೈರಸ್) ಆದರಂತೂ ಹೇಳೋದೇ ಬೇಡ. ಇನ್ನೊಂದು, ಮಾಮೂಲಿ ಆಕ್ಸಿಮೀಟರ್ ಕಾರ್ಬನ್ ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನನ್ನೂ ಆಕ್ಸಿಜನ್ ಅಂಟಿದ್ದು ಅಂತಲೇ ಓದುತ್ತೆ. ಹೊಗೆಗೆ ಅದು ಅಳತೆಗೋಲಲ್ಲ.

ನೋಡಬೇಕಾದ್ದು ಮಗುವನ್ನು: ಪಕ್ಕೆಲುಬಿನ ಸಂದು ಒಳಗೆ ಎಳೆಯೋದು, ಮೂಗಿನ ಹೊಳ್ಳೆ ಅರಳೋದು, ಹಾಲು ಕುಡಿಯುವಾಗ ನಡುನಡುವೆ ಬಿಟ್ಟು ಏದುಸಿರು ಬಿಡೋದು, ರಾತ್ರಿ ಕೆಮ್ಮು, ಎದೆಗೆ ಕಿವಿಗೊಟ್ಟರೆ ಗೊರಗೊರ. ಜೊತೆಗೆ ಪದೇ ಪದೇ ಕಿವಿ ಸೋರೋದು.

ಗಾಜಿನಕೊಳವೆ:
ಅಳತೆ ಬೇಕು ಅಂದರೆ ಕೋಟಿನಿನ್ ಇದೆ. ನಿಕೋಟಿನ್ ಮೈಯೊಳಗೆ ಬದಲಾಗಿ ಆಗುವ ವಸ್ತು, 16ರಿಂದ 20 ಗಂಟೆಗೆ ಅರ್ಧವಾಗುತ್ತೆ. ಮೂತ್ರದಲ್ಲಿ ಕಂಡದ್ದು ಹಿಂದಿನ ಎರಡು ಮೂರು ದಿನದ ಕಥೆ ಮಾತ್ರ. ಸೋಮವಾರ ಪರೀಕ್ಷೆ ಅಂತ ಮೊದಲೇ ಹೇಳಿದರೆ ಶುಕ್ರವಾರದಿಂದ ಎಲ್ಲರೂ ಹುಷಾರಾಗುತ್ತಾರೆ. ಕೂದಲಿನ ನಿಕೋಟಿನ್ ಉದ್ದ ಕಥೆ ಹೇಳುತ್ತೆ: ತಲೆಬುಡದಿಂದ 1 ಸೆಂಟಿಮೀಟರ್ ಅಂದರೆ ಸುಮಾರು ಒಂದು ತಿಂಗಳು.

ತಪ್ಪಾಗೋದು ಎಲ್ಲಿ ಅಂದರೆ, ಹುಟ್ಟುಗೂದಲಿನಲ್ಲಿ ಗರ್ಭದಲ್ಲಿದ್ದಾಗಿನ ನಿಕೋಟಿನ್ನೂ ಸೇರಿರುತ್ತೆ, ಅದನ್ನು ಈಗಿನ ಮನೆಯ ಹೊಗೆ ಅಂತ ಓದಿ ಪೋಷಕರ ಮೇಲೆ ಏರಿಹೋಗಬಾರದು. ಎರಡನೇದು, ತಾಯಿ ಬಿಡುವ ಪ್ರಯತ್ನದಲ್ಲಿ ನಿಕೋಟಿನ್ ಪ್ಯಾಚ್ (ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ) ಹಾಕಿದ್ದು ಹಾಲು ಕುಡಿಸುತ್ತಿದ್ದರೆ ಮಗುವಿನ ಕೋಟಿನಿನ್ ಅದರಿಂದಲೂ ಬರುತ್ತೆ. ಬೇರ್ಪಡಿಸೋಕೆ ಎನ್‌ಎನ್‌ಎಎಲ್ ಅನ್ನೋ ಪರೀಕ್ಷೆ ಬೇಕು, ಅದು ತಂಬಾಕಿನಿಂದ ಮಾತ್ರ ಬರೋದು, ಪ್ಯಾಚಿನಿಂದ ಅಲ್ಲ.

ನೇರಮಾತು:
ಪರೀಕ್ಷೆ ಮಾಡಿ ಮುಖಕ್ಕೆ ಹಿಡಿದರೆ ಸುಳ್ಳು ಹೇಳೋದು ನಿಲ್ಲುತ್ತೆ.

ಮೊದಲದಿನ:
ನಿಲ್ಲೋದಿಲ್ಲ ಸ್ವಾಮಿ, ಹೆಚ್ಚಾಗುತ್ತೆ. ಮುಖಕ್ಕೆ ಹಿಡಿದ ಮನೆಯಲ್ಲಿ ಸೇದೋದು ಬಚ್ಚಲಿಗೆ ಹೋಗುತ್ತೆ, ಬಾಗಿಲು ಹಾಕಿಕೊಂಡು, ಅವಸರದಲ್ಲಿ, ಮೈಮೇಲೆ ಆಕ್ಸಿಜನ್ ಹೀರಿದ ಬಟ್ಟೆ ಇದ್ದಾಗಲೇ. ಕದ್ದು ಸೇದುವ ಮನೆ ಈ ಮಗುವಿಗೆ ಎಲ್ಲಕ್ಕಿಂತ ಅಪಾಯದ ಮನೆ. ಎಲ್ಲಿ ಸೇದುತ್ತಾರೆ, ಎಷ್ಟು ಹೊತ್ತಿಗೆ ಸೇದುತ್ತಾರೆ ಅನ್ನೋದು ನಮಗೆ ಗೊತ್ತಾಗಲೇಬೇಕು. ಗೊತ್ತಾಗೋ ಹಾಗೆ ಕೇಳಬೇಕು.

"ನೀವು ಸೇದ್ತೀರಾ?" ಅಂತ ಕೇಳಿದರೆ ಬರುವ ಉತ್ತರ "ಇಲ್ಲ", ಇಲ್ಲವೇ "ಹೊರಗೆ ಮಾತ್ರ". ಬದಲಿಗೆ ಮಗುವಿನ ದಿನದಿಂದ ಶುರು ಮಾಡಿ. ಬೆಳಿಗ್ಗೆ ಎದ್ದಾಗಿಂದ ಮಲಗುವ ತನಕ ಮಗುವನ್ನು ಯಾರ್‍ಯಾರು ಎತ್ತಿಕೊಳ್ಳುತ್ತಾರೆ? ಅವರಲ್ಲಿ ಸೇದುವವರು ಯಾರು? ದಿನದ ಮೊದಲ ಸಿಗರೇಟು ಎದ್ದ ಎಷ್ಟು ನಿಮಿಷಕ್ಕೆ? ಮಳೆ ಬಂದಾಗ ಎಲ್ಲಿ ನಿಂತು ಸೇದ್ತಾರೆ? ರಾತ್ರಿ ಎಚ್ಚರವಾದಾಗ? ಕಾರಿನಲ್ಲಿ? "ಹೊರಗೆ ಮಾತ್ರ" ಅನ್ನೋದರ ನಿಜ ಮಳೆಯ ಪ್ರಶ್ನೆಗೆ ಹೊರಬೀಳುತ್ತೆ. ಕೇಳುವವರ ದನಿಯಲ್ಲಿ ದೂರು ಇರಕೂಡದು. ತಂದೆ ತಾಯಿ ಇಬ್ಬರನ್ನೂ, ಅಜ್ಜ ಅಜ್ಜಿಯನ್ನೂ ಬೇರೆ ಬೇರೆ ಕೇಳಿ.

ಮೂರನೇಪಾಳಿ:
ಮಳೆಯ ಪ್ರಶ್ನೆ ಬರೆದುಕೊಂಡೆ. ಅತ್ತೆ ಮಾವನಿಗೆ, ನೆಂಟರಿಗೆ "ಸೇದಬೇಡಿ" ಅನ್ನೋಕೆ ಸೊಸೆಗೆ ಬಾಯಿ ಬರೋದಿಲ್ಲ ಅನ್ನೋದು ಇನ್ನೊಂದು ತೊಡಕು.

ಮೊದಲದಿನ:
ಅದಕ್ಕೇ ಚೀಟಿ ಆಸ್ಪತ್ರೆಯ ಹೆಸರಲ್ಲಿ ಇರಲಿ, ದೊಡ್ಡ ಅಕ್ಷರದಲ್ಲಿ, ಬಾಗಿಲಿಗೆ ಅಂಟಿಸೋ ಹಾಗೆ: "ಈ ಮನೆಯಲ್ಲಿ ಆಕ್ಸಿಜನ್ ಇದೆ. ಬೆಂಕಿ, ಸಿಗರೇಟು ಒಳಗೆ ತರಬೇಡಿ." ನಿಯಮ ಸೊಸೆಯದಲ್ಲ, ಯಂತ್ರದ್ದು. ಹಿರಿಯರಿಗೂ ಬೇಸರವಾಗೋದಿಲ್ಲ.

ಹೊಸಓದುಗ:
ಕಾರಿನ ಬಗ್ಗೆ ಯಾರೂ ಹೇಳಲಿಲ್ಲ.

ಗಾಳಿಲೆಕ್ಕ:
ಕೋಣೆಯ 36 ಘನ ಮೀಟರ್ ಜಾಗದಲ್ಲಿ ಮೂರೋ ನಾಲ್ಕೋ ಘನ ಮೀಟರ್ ಇಟ್ಟು ಲೆಕ್ಕ ಹಾಕಿ, ಗೊತ್ತಾಗುತ್ತೆ. ಗಾಜು ಇಳಿಸಿದರೆ ಮುಂದಿನ ಸೀಟಿನ ಹೊಗೆ ಸುತ್ತಿ ಹಿಂದಿನ ಸೀಟಿಗೇ ಬರುತ್ತೆ, ಮಗುವಿನ ಸೀಟು ಇರೋದೂ ಅಲ್ಲೇ. ಮಗು ಇಲ್ಲದಾಗ ಸೇದಿದರೂ ಸೀಟಿನ ಬಟ್ಟೆ ಹೀರಿಕೊಂಡು ಬಿಸಿಲಿಗೆ ವಾಪಸ್ ಬಿಡುತ್ತೆ. ಇಂಗ್ಲೆಂಡಿನಲ್ಲಿ 18 ತುಂಬದವರಿರುವ ಕಾರಿನಲ್ಲಿ ಸೇದೋದು 2015ರ ಅಕ್ಟೋಬರ್‌ನಿಂದ ಕಾನೂನುಬಾಹಿರ.

ನೇರಮಾತು:
ಹೊರಗಡೆ ಎಲ್ಲ ಕಡೆ ನಿಷೇಧ ಹಾಕಿದರೆ ಜನ ಮನೆಗೆ ಬಂದು ಸೇದುತ್ತಾರೆ, ಮಕ್ಕಳಿಗೆ ಇನ್ನೂ ಕಷ್ಟ. ಈ ವಾದ ಕೇಳಿಲ್ವಾ?

ಎದೆಗೂಡು:
ಕೇಳಿದ್ದೇನೆ, ಲೆಕ್ಕ ಅದಕ್ಕೆ ವಿರುದ್ಧ ಇದೆ. ಸ್ಕಾಟ್ಲೆಂಡ್ 2006ರ ಮಾರ್ಚ್‌ನಲ್ಲಿ ಸಾರ್ವಜನಿಕ ಒಳಾಂಗಣಗಳಲ್ಲಿ ನಿಷೇಧ ತಂತು. ಅದಕ್ಕೂ ಮೊದಲು ಉಬ್ಬಸದಿಂದ ಮಕ್ಕಳು ಆಸ್ಪತ್ರೆ ಸೇರೋದು ವರ್ಷಕ್ಕೆ 5.2% ಏರುತ್ತಿತ್ತು, ಆಮೇಲೆ ವರ್ಷಕ್ಕೆ 18.2% ಇಳಿಯಿತು. ಹೊಗೆ ಮನೆಗೆ ಸ್ಥಳಾಂತರ ಆಗಿದ್ದರೆ ಈ ಇಳಿತ ಬರುತ್ತಿರಲಿಲ್ಲ. ಹೊರಗಿನ ನಿಯಮ ನೋಡಿ ಜನ ಮನೆಗೂ ನಿಯಮ ಹಾಕಿಕೊಳ್ಳುತ್ತಾರೆ.

ಗಾಜಿನಕೊಳವೆ:
ಹಿಂದೆ ಸೇದುತ್ತಿದ್ದ ಕೋಣೆಯನ್ನೇ ಮಗುವಿಗೆ ಸಿದ್ಧ ಮಾಡುವವರಿಗೆ ಒಂದು ಮಾತು. ನಿಕೋಟಿನ್ ಗೋಡೆ, ಪರದೆ, ಹಾಸಿಗೆಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ. ಅಷ್ಟೇ ಅಲ್ಲ, ಗಾಳಿಯ ನೈಟ್ರಸ್ ಆಮ್ಲದ ಜೊತೆ ಸೇರಿ ಕ್ಯಾನ್ಸರ್‌ಕಾರಕ ನೈಟ್ರೋಸಮೀನ್ ಆಗುತ್ತೆ, 2010ರಲ್ಲಿ ತೋರಿಸಿದ್ದಾರೆ. ತೊಳೆಯೋ ಬಟ್ಟೆಯೆಲ್ಲ ತೊಳೆಯಿರಿ. ನಿಕೋಟಿನ್ ಕ್ಷಾರ ಗುಣದ್ದು, ಬರಿ ನೀರಿಗಿಂತ ನೀರು ಬೆರೆಸಿದ ವಿನೆಗರ್ ಚೆನ್ನಾಗಿ ಬಿಡಿಸುತ್ತೆ. ಅದೇ ಬಕೆಟ್ಟಿಗೆ ಬ್ಲೀಚ್ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತೆ. ಮೆತ್ತನೆ ಸೋಫಾ, ರಗ್ಗು, ಹಳೇ ಹಾಸಿಗೆ ತೊಳೆದು ಹೋಗೋದಲ್ಲ, ಆ ಕೋಣೆಯಿಂದ ತೆಗೆದುಬಿಡಿ. ತೊಳೆಯದೆ ಮೇಲೆ ಬಣ್ಣ ಹೊಡೆದರೆ ಹಳದಿ ಕಲೆ ಬಣ್ಣದ ಮೂಲಕವೇ ಮತ್ತೆ ಹೊರಬರುತ್ತೆ. ಇದೆಲ್ಲ ಮಗು ಮನೆಗೆ ಬರೋ ಮೊದಲೇ ಮುಗಿದಿರಲಿ.

ಮೂರನೇಪಾಳಿ:
ಬಿಡೋದಕ್ಕೆ ಸಹಾಯದ ಸಾಲು ಹೇಗೆ ಬರೀಲಿ? "ವೈದ್ಯರನ್ನು ಕೇಳಿ" ಅಂತ ಒಂದೇ ಸಾಲು ಬರೆದರೆ ಯಾರೂ ಕೇಳೋದಿಲ್ಲ.

ಮೊದಲದಿನ:
ಮಗು ವಾರ್ಡಿನಲ್ಲಿ ಇರುವಾಗಲೇ ಶುರು ಮಾಡಿಸಿ, ಮನೆಗೆ ಹೋಗೋ ದಿನ ಅಲ್ಲ. ಅಷ್ಟು ಹೊತ್ತು ಆಸ್ಪತ್ರೆಯಲ್ಲಿ ಸೇದದೆ ಕೂತಿರುತ್ತಾರೆ, ಆ ಚಡಪಡಿಕೆಗೆ ಅಲ್ಲೇ ಪ್ಯಾಚ್ ಸಿಕ್ಕರೆ ಹಾದಿ ಅರ್ಧ ಸವೆದ ಹಾಗೆ.

ದಿನಕ್ಕೆ 10ಕ್ಕಿಂತ ಹೆಚ್ಚು ಸೇದುವವರಿಗೆ ಸಾಮಾನ್ಯವಾಗಿ 21 ಮಿಲಿಗ್ರಾಂ ಪ್ಯಾಚ್ 6 ವಾರ, ಆಮೇಲೆ 14 ಎರಡು ವಾರ, 7 ಎರಡು ವಾರ. ಅದರ ಜೊತೆ ನಿಕೋಟಿನ್ ಗಮ್ ಸೇರಿಸಿದರೆ ಒಂದೇ ಬಳಸೋದಕ್ಕಿಂತ ಹೆಚ್ಚು ಜನ ಬಿಡುತ್ತಾರೆ. ಎದ್ದ 30 ನಿಮಿಷದೊಳಗೆ ಮೊದಲನೇದು ಸೇದುವವರಿಗೆ 4 ಮಿಲಿಗ್ರಾಂ ಗಮ್, ಉಳಿದವರಿಗೆ 2. ಗಮ್ಮಿನಲ್ಲಿ ಎಲ್ಲರೂ ಎಡವೋದು ಒಂದೇ ಕಡೆ: ಮಾಮೂಲಿ ಚೂಯಿಂಗ್ ಗಮ್ ಥರ ಒಂದೇ ಸಮ ಜಗಿಯುತ್ತಾರೆ. ನಿಕೋಟಿನ್ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ, "ಇದು ನನಗಾಗೋದಿಲ್ಲ" ಅಂತ ಬಿಸಾಡುತ್ತಾರೆ. ನಾಲಿಗೆ ಚುರ್ ಅನ್ನುವ ತನಕ ನಿಧಾನ ಜಗಿದು, ಕೆನ್ನೆಯ ಒಳಗೆ ಒತ್ತರಿಸಿಟ್ಟು ಸುಮ್ಮನಿರಬೇಕು. ಚುರುಕು ಇಳಿದ ಮೇಲೆ ಮತ್ತೆ ಎರಡು ಸಲ ಜಗಿಯೋದು. ಒಂದು ಗಮ್ ಅರ್ಧ ಗಂಟೆ. ಅದಕ್ಕೆ ಮೊದಲು 15 ನಿಮಿಷ ಕಾಫಿ, ಹುಳಿ ಪಾನೀಯ ಬೇಡ, ಬಾಯಿ ಹುಳಿಯಾದರೆ ಹೀರಿಕೊಳ್ಳೋದಿಲ್ಲ.

ವರೆನಿಕ್ಲಿನ್ ಮಾತ್ರೆ ಇನ್ನೊಂದು ದಾರಿ, ಬಿಡುವ ದಿನಕ್ಕೆ ಒಂದು ವಾರ ಮೊದಲು ಶುರು. ಹಾಲು ಕುಡಿಸುವ ತಾಯಿಗೆ ಯಾವುದು, ಎಷ್ಟು ಅನ್ನೋದನ್ನು ವೈದ್ಯರೇ ನಿರ್ಧರಿಸಬೇಕು.

ತೊಟ್ಟಿಲು24:
ಮೊದಲದಿನ ಅವರೇ, ಪ್ಯಾಚ್ ಹಾಕಿಕೊಳ್ಳೋ ಜಾಗದ ಬಗ್ಗೆಯೂ ಹೇಳಿ. ಎದೆಗೆ ಹಚ್ಚಿಕೊಂಡು ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡರೆ?

ಮೊದಲದಿನ:
ಒಳ್ಳೇ ಪ್ರಶ್ನೆ, ಚೀಟಿಗೆ ಇದು ಹೋಗಲೇಬೇಕು. ಮಗುವಿನ ಕೆನ್ನೆ ತಾಗುವ ಎದೆ, ಹೆಗಲ ಮುಂಭಾಗ ಬಿಟ್ಟು ಬೆನ್ನಿನ ಮೇಲ್ಭಾಗಕ್ಕೋ ಸೊಂಟದ ಪಕ್ಕಕ್ಕೋ ಹಚ್ಚಿ, ಮೇಲೆ ಬಟ್ಟೆ ಇರಲಿ. ದಿನವೂ ಜಾಗ ಬದಲಿಸಿ. ತೆಗೆದ ಪ್ಯಾಚಿನಲ್ಲಿ ಇನ್ನೂ ಸಾಕಷ್ಟು ನಿಕೋಟಿನ್ ಉಳಿದಿರುತ್ತೆ. ಅಂಟಿನ ಬದಿ ಒಳಗಾಗುವಂತೆ ಮಡಚಿ, ಅದು ಬಂದ ಪೊಟ್ಟಣದೊಳಗೇ ಹಾಕಿ, ಮುಚ್ಚಳದ ಡಬ್ಬಕ್ಕೆ. ಬೆಳಿಗ್ಗೆ ಎದ್ದಾಗ ಮೈಮೇಲೆ ಪ್ಯಾಚ್ ಕಾಣದಿದ್ದರೆ ಮೊದಲು ಹುಡುಕಬೇಕಾದ್ದು ಮಗುವಿನ ಮೈ ಮತ್ತು ಹೊದಿಕೆ. ಮಗುವಿಗೆ ಅಂಟಿದ್ದರೆ ಕಿತ್ತು ಬರಿ ನೀರಲ್ಲಿ ತೊಳೆಯಿರಿ, ಸೋಪು ಹಚ್ಚಬೇಡಿ, ಸೋಪಿನಿಂದ ಚರ್ಮ ಇನ್ನೂ ಬೇಗ ಹೀರಿಕೊಳ್ಳುತ್ತೆ. ತೊಳೆದ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ.

ಮೂರನೇಪಾಳಿ:
ಹಳೆಯ ಎರಡನೇ ಮತ್ತು ನಾಲ್ಕನೇ ಸಾಲು ತೆಗೆದೆ. ಬೆಂಕಿಯ ಚೌಕಟ್ಟು ಮೇಲೆ, ಪ್ಯಾಚಿನ ಭಾಗ ಹಿಂಬದಿಯಲ್ಲಿ. ತಿದ್ದಿದ ಕರಡನ್ನು ನಾಳೆ ಇಲ್ಲೇ ಹಾಕ್ತೀನಿ, ನೀಲಿಟ್ಯೂಬ್ ಅವರು ಫೈರ್‌ಬ್ರೇಕ್ ಹಾಕುವ ದಿಕ್ಕು ತೋರಿಸೋ ಒಂದು ಚಿತ್ರ ಬರೆದುಕೊಟ್ಟರೆ ಅನುಕೂಲ.

ನೀಲಿಟ್ಯೂಬ್:
ಕೊಡ್ತೀನಿ. ಬಾಣದ ಗುರುತು ಹರಿವಿನ ದಿಕ್ಕಿಗೇ ಇರಬೇಕು ಅಂತ ಚಿತ್ರದಲ್ಲೇ ದೊಡ್ಡದಾಗಿ ಬರೀತೀನಿ.